ಬೆಚ್ಚನೆಯ ಕಲ್ಲು, ಮೂರು ಬಣ್ಣದ ಬೆಕ್ಕು

ಚಿನ್ನು ನನ್ನ ಸೆರಗು ಹಿಡಿದು ಜಗ್ಗಿದಳು. "ದೊಡ್ಡಮ್ಮಾ, ನಿಲ್ಲು, ನಿಲ್ಲು. ಅಲ್ಲಿ ನೋಡು."

ನೋಡಿದೆ. ಎದೆ ಒಂದು ಸಲ ಧಸಕ್ಕೆಂದಿತು. ಸಂಜೆ ಹೊತ್ತು, ಸುತ್ತಲೂ ಸಾಲು ಸಾಲು ಸಮಾಧಿಗಳು, ಅವುಗಳಲ್ಲೊಂದರ ಮೇಲೆ ಏನೋ ಮುದುಡಿ ಕೂತಿದೆ. ಸ್ವಲ್ಪ ಬೆಳ್ಳಗೆ, ಸ್ವಲ್ಪ ಕರ್ರಗೆ, ಸ್ವಲ್ಪ ಕಾವಿಬಣ್ಣ. ಕಾಲಿಲ್ಲ, ಬಾಲವಿಲ್ಲ. ಎರಡು ಹಳದಿ ಕಣ್ಣು ಮಾತ್ರ ನಮ್ಮನ್ನೇ ನೋಡುತ್ತಿವೆ.

"ಬೆಕ್ಕು ಕಣೇ," ಅಂದೆ, ಧೈರ್ಯ ತಂದುಕೊಂಡು.

"ಮತ್ತೇನು ಅಂದುಕೊಂಡಿದ್ದೆ?" ಅಂದಳು.

ಏನು ಅಂದುಕೊಂಡಿದ್ದೆ ಅಂತ ಹೇಳಲಿಲ್ಲ. ನಿಮಗೆ ಹೇಳಬಹುದು ಮಕ್ಕಳೇ. ನಾನು ಚಿಕ್ಕವಳಿದ್ದಾಗ ದೀಪ ಹಚ್ಚುವ ಹೊತ್ತಿನ ಮೇಲೆ ಸ್ಮಶಾನದ ಕಡೆ ಬೆರಳು ತೋರಿಸಿದರೂ ನಮ್ಮಜ್ಜಿ ಬೈಯುತ್ತಿದ್ದರು. ಬೆಕ್ಕು ಅಡ್ಡ ಬಂದರೆ ಹೊರಟವರು ಮನೆಗೆ ವಾಪಸು ಬಂದು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕಿತ್ತು. ಈಗ ನೋಡಿದರೆ ಸ್ಮಶಾನವೂ ಇದೆ, ಬೆಕ್ಕೂ ಇದೆ, ಕತ್ತಲೂ ಆಗುತ್ತಿದೆ!

ಚಿನ್ನು ನನ್ನ ತಂಗಿಯ ಮಗಳು. ಹತ್ತು ವರ್ಷ. ಅಪ್ಪನ ಕೆಲಸದಿಂದಾಗಿ ಜಪಾನಿನ ಟೋಕಿಯೊದಲ್ಲೇ ಬೆಳೆಯುತ್ತಿದ್ದಾಳೆ. ಅವಳಿಗೆ ಇದು ದಿನದ ದಾರಿ. ನಾವಿದ್ದದ್ದು ಯಾನಕ ಎಂಬ ಹಳೆಯ ಬಡಾವಣೆಯ ಸ್ಮಶಾನದಲ್ಲಿ. 1874ರಲ್ಲಿ ಸಾರ್ವಜನಿಕರಿಗೆ ತೆರೆದದ್ದು. ಊರಿನ ನಡುವೆ ಸುಮಾರು 25 ಎಕರೆ ಜಾಗ, 7,000ದಷ್ಟು ಸಮಾಧಿಗಳು. ಜಪಾನನ್ನು ಆಳಿದ ಕೊನೆಯ ಶೋಗನ್ ತೊಕುಗಾವಾ ಯೊಶಿನೊಬು ಮಲಗಿರುವುದೂ ಇಲ್ಲೇ. ಆದರೆ ಭಯಪಡುವಂಥದ್ದು ಏನೂ ಇಲ್ಲ. ನಡುವೆ ಚೆರಿ ಮರಗಳ ಸಾಲುದಾರಿ. ಆ ದಾರಿಯಲ್ಲಿ ಕಚೇರಿ ಮುಗಿಸಿದವರು ಮನೆಗೆ ಹೋಗುತ್ತಾರೆ, ಅಮ್ಮಂದಿರು ಮಗುವನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತುಳಿಯುತ್ತಾರೆ, ಮಕ್ಕಳು ಬೆನ್ನ ಮೇಲೆ ಚೀಲ ಹೊತ್ತು ಓಡುತ್ತಾರೆ. ಅಲ್ಲಿ ಶವವನ್ನು ಸುಟ್ಟು, ಅಸ್ಥಿಯನ್ನು ಕಲಶದಲ್ಲಿ ತುಂಬಿ ಕಲ್ಲಿನ ಕೆಳಗೆ ಇಡುತ್ತಾರೆ. ನಮ್ಮ ಹಾಗೆಯೇ, ಆದರೆ ನಾವು ನದಿಗೆ ಬಿಡುತ್ತೇವೆ, ಅವರು ಕಲ್ಲಿಗೆ ಒಪ್ಪಿಸುತ್ತಾರೆ.

ನಾವು ಹೋದ ದಿನ ವಿಶೇಷವಾದದ್ದು. ಸೆಪ್ಟೆಂಬರ್ ಕೊನೆಯ ಭಾಗ, ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಸಮವಾಗುವ ವಿಷುವದ ದಿನ. ಜಪಾನಿನಲ್ಲಿ ಅದು ಸರ್ಕಾರಿ ರಜೆ. ಅದರ ಹಿಂದೆ ಮೂರು ದಿನ, ಮುಂದೆ ಮೂರು ದಿನ ಸೇರಿಸಿ ಒಂದು ವಾರಕ್ಕೆ ಹಿಗಾನ್ ಅನ್ನುತ್ತಾರೆ. ನಮ್ಮ ಪಿತೃಪಕ್ಷವನ್ನು ನೆನಪಿಸುವ ವಾರ. ಮನೆಮಂದಿ ಬಂದು ಸಮಾಧಿ ತೊಳೆಯುತ್ತಾರೆ. ಮರದ ಬಕೆಟ್ಟಿನಿಂದ ಸೌಟಿನಲ್ಲಿ ನೀರು ತೆಗೆದು ಕಲ್ಲಿನ ತಲೆಯ ಮೇಲೆ ಹುಯ್ಯುತ್ತಾರೆ, ಹೂವಿಡುತ್ತಾರೆ, ಊದುಬತ್ತಿ ಹಚ್ಚುತ್ತಾರೆ. ಆವತ್ತು ಎಲ್ಲೆಲ್ಲೂ ಊದುಬತ್ತಿಯ ವಾಸನೆ.

ಆ ಗದ್ದಲವೆಲ್ಲ ಮುಗಿದ ಮೇಲೆ ಬೆಕ್ಕು ಬಂದು ಕೂತಿತ್ತು.

ಕಾಲು ಎಲ್ಲಿ ಹೋಯಿತು ಅಂದಿರಾ? ಮುಂಗಾಲು ಎರಡನ್ನೂ ಎದೆಯ ಕೆಳಗೆ ಮಡಚಿಕೊಂಡು, ಬೆನ್ನು ದುಂಡಗೆ ಮಾಡಿಕೊಂಡು ಕೂತಿದೆ. ನಿಮ್ಮ ಮನೆಯ ಬೆಕ್ಕೂ ಹೀಗೆ ಕೂರುತ್ತದೆ. ಜಪಾನೀಯರು ಇದಕ್ಕೆ 'ಕೋಬಾಕೊ' ಕೂರುವುದು ಅನ್ನುತ್ತಾರೆ ಎಂದು ಚಿನ್ನು ಹೇಳಿಕೊಟ್ಟಳು. ಕೋಬಾಕೊ ಎಂದರೆ ಧೂಪ ಇಡುವ ಮುಚ್ಚಳದ ಪುಟ್ಟ ಪೆಟ್ಟಿಗೆ. ಎಷ್ಟು ಸರಿಯಾದ ಹೆಸರು! ಕಾಲು ಮಡಚಿ ಕೂತರೆ ಮೈಯ ಶಾಖ ಹೊರಗೆ ಹೋಗುವ ದಾರಿ ಕಡಿಮೆಯಾಗುತ್ತದೆ. ಚಳಿಯಲ್ಲಿ ನೀವು ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುವುದಿಲ್ಲವೇ, ಹಾಗೆ.

"ಇಷ್ಟೊಂದು ಜಾಗ ಇದೆ, ಕಲ್ಲಿನ ಮೇಲೇ ಯಾಕೆ ಕೂತಿದೆ?" ಅಂತ ಕೇಳಿದೆ. ಚಿನ್ನು ಪಕ್ಕದ ಸಮಾಧಿಯ ಕಟ್ಟೆಯ ಮೇಲೆ ಅಂಗೈ ಇಟ್ಟಳು. "ನೀನೂ ಮುಟ್ಟಿ ನೋಡು."

ಮುಟ್ಟಿದೆ. ಒಲೆ ಆರಿದ ಮೇಲೆ ಕಾವಲಿ ಬೆಚ್ಚಗಿರುತ್ತದಲ್ಲ, ಹಾಗಿತ್ತು. ಗಾಳಿ ತಣ್ಣಗಾಗಿತ್ತು, ಕೆಳಗಿನ ಮಣ್ಣು ತಣ್ಣಗಿತ್ತು, ಕಲ್ಲು ಮಾತ್ರ ಇನ್ನೂ ಬೆಚ್ಚಗೆ. ಗ್ರಾನೈಟ್ ಕಲ್ಲು ಬಿಸಿಯಾಗಲು ಬಹಳ ಹೊತ್ತು ಬೇಕು, ತಣಿಯಲೂ ಬಹಳ ಹೊತ್ತು ಬೇಕು. ಮಧ್ಯಾಹ್ನವಿಡೀ ಕುಡಿದ ಬಿಸಿಲನ್ನು ಅದು ಸಂಜೆ ಹೊತ್ತು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಕಲ್ಲು ಕಪ್ಪಾಗಿದ್ದರೆ ಇನ್ನೂ ಹೆಚ್ಚು ಬಿಸಿಲು ಹೀರಿರುತ್ತದೆ. ಅಂದ ಹಾಗೆ, ಇತ್ತೀಚಿನ ಸಮಾಧಿಗಳಿಗೆ ಜಪಾನೀಯರು ದಕ್ಷಿಣ ಭಾರತದ ಕಪ್ಪು ಗ್ರಾನೈಟನ್ನೂ ಹಡಗಿನಲ್ಲಿ ತರಿಸಿಕೊಳ್ಳುತ್ತಾರೆ. ನಮ್ಮ ಕಡೆಯ ಕಲ್ಲಿನ ಮೇಲೆ ಅವರ ಕಡೆಯ ಬೆಕ್ಕು ಮೈ ಕಾಯಿಸಿಕೊಳ್ಳುತ್ತಿರಬಹುದು ಅಂತ ನೆನೆದರೆ ನನಗೆ ಖುಷಿ.

ಬೆಕ್ಕಿಗೆ ಬಿಸಿ ಅಂದರೆ ಅಷ್ಟು ಇಷ್ಟವೇಕೆ? ಅದರ ಮೈ ನಮಗಿಂತ ಬಿಸಿ. 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆ ಬಿಸಿಯನ್ನು ಹೆಚ್ಚು ಖರ್ಚಿಲ್ಲದೆ ಉಳಿಸಿಕೊಳ್ಳಬೇಕಾದರೆ ಸುತ್ತಲಿನ ಹವೆ 30ರಿಂದ 38 ಡಿಗ್ರಿ ಇರಬೇಕು. ನಾವು "ಅಬ್ಬಾ, ಏನು ಸೆಖೆ" ಎಂದು ಫ್ಯಾನ್ ಹಾಕುವ ಹೊತ್ತಿಗೆ ಬೆಕ್ಕಿಗೆ ಹಾಯಾಗಿರುತ್ತದೆ. ಇದಕ್ಕಿಂತ ತಂಪಾದರೆ ಅದು ಮೈ ಬಿಸಿ ಮಾಡಿಕೊಳ್ಳಲು ತಿಂದ ಆಹಾರವನ್ನೇ ಉರಿಸಬೇಕು. ಬೀದಿಬೆಕ್ಕಿಗೆ ಊಟ ಸಿಗುವುದೇ ಕಷ್ಟ, ಅದನ್ನು ಸುಮ್ಮನೆ ಯಾಕೆ ಉರಿಸುತ್ತದೆ? ಬಿಟ್ಟಿ ಬಿಸಿ ಸಿಗುವ ಕಲ್ಲನ್ನು ಹುಡುಕುತ್ತದೆ. ಸಾಕುಬೆಕ್ಕುಗಳ ಪೂರ್ವಜ ಆಫ್ರಿಕದ ಮತ್ತು ಪಶ್ಚಿಮ ಏಷ್ಯಾದ ಒಣಭೂಮಿಯ ಕಾಡುಬೆಕ್ಕು. ಬಿಸಿಲಿನ ಚಟ ಅಲ್ಲಿಂದಲೇ ಬಂದದ್ದು.

ಬೆಕ್ಕಿಗೂ ಸಮಾಧಿಗೂ ನಂಟು ಹೊಸದಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಅಸ್ಥಿಪಂಜರದಿಂದ ಒಂದು ಮೊಳದಷ್ಟು ದೂರದಲ್ಲಿ ಬೆಕ್ಕಿನ ಇಡೀ ಅಸ್ಥಿಪಂಜರ. ಆ ದ್ವೀಪದಲ್ಲಿ ಬೆಕ್ಕುಗಳೇ ಇರಲಿಲ್ಲ. ಅಂದರೆ ಯಾರೋ ಅದನ್ನು ದೋಣಿಯಲ್ಲಿ ಕೂರಿಸಿಕೊಂಡು ತಂದಿರಬೇಕು.

ನಾವು ಹೀಗೆ ಪಿಸುಗುಟ್ಟುತ್ತಿರುವಾಗ ಬೆಕ್ಕು ಎದ್ದಿತು. ಬೆನ್ನು ಬಿಲ್ಲಿನಂತೆ ಬಾಗಿಸಿ ಮೈ ಮುರಿದು, ಪಕ್ಕದ ಸಮಾಧಿಗೆ ದಾಟಿತು. ಅಲ್ಲಿ ಯಾರೋ ಎಲೆಯ ಮೇಲೆ ಎರಡು ಓಹಾಗಿ ಇಟ್ಟು ಹೋಗಿದ್ದರು. ಓಹಾಗಿ ಎಂದರೆ ಅನ್ನದುಂಡೆಗೆ ಸಿಹಿ ಹೂರಣ ಮೆತ್ತಿದ ತಿಂಡಿ. ಹೋಳಿಗೆಯ ಹೂರಣ ಹೊರಗೆ ಬಂದು ಕೂತ ಹಾಗೆ. ಹಿಗಾನ್ ವಾರಕ್ಕೆ ಮಾಡಲೇಬೇಕು. ನನಗಂತೂ ನೋಡಿಯೇ ಬಾಯಲ್ಲಿ ನೀರೂರಿತು. ಬೆಕ್ಕು ಒಮ್ಮೆ ಮೂಸಿತು, ಮೂಗು ಸರಿಸಿತು, ಹೊರಟಿತು.

"ಪಾಪ, ಹೊಟ್ಟೆ ತುಂಬಿರಬೇಕು," ಅಂದೆ.

ಹೊಟ್ಟೆಯ ಮಾತಲ್ಲ ಅದು. ಬೆಕ್ಕಿಗೆ ಸಿಹಿ ಅನ್ನುವುದೇ ಗೊತ್ತಾಗುವುದಿಲ್ಲ! ನಮ್ಮ ನಾಲಿಗೆಯ ಮೇಲೆ ಸಕ್ಕರೆಯನ್ನು ಗುರುತು ಹಿಡಿಯುವ ಒಂದು ಬೀಗವಿದೆ ಅಂದುಕೊಳ್ಳಿ. ಅದನ್ನು ಮಾಡಲು ಎರಡು ಜೀನ್‌ಗಳು, ಅಂದರೆ ಮೈಯೊಳಗಿನ ಎರಡು ಪಾಕವಿಧಾನಗಳು, ಜೊತೆಯಾಗಬೇಕು. ಬೆಕ್ಕಿನ ವಂಶದಲ್ಲಿ ಅವುಗಳಲ್ಲೊಂದು ಯಾವ ಕಾಲದಲ್ಲೋ ಕೆಟ್ಟುಹೋಗಿದೆ. 2005ರಲ್ಲಿ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಹುಲಿಗೂ ಅಷ್ಟೇ, ಚಿರತೆಗೂ ಅಷ್ಟೇ. ಬರೀ ಮಾಂಸ ತಿಂದು ಬದುಕುವವರಿಗೆ ಸಿಹಿ ಗೊತ್ತಾಗದಿದ್ದರೆ ನಷ್ಟವೇನು? ನಮ್ಮ ಹೋಳಿಗೆ ಅವುಗಳ ಪಾಲಿಗೆ ಮೆತ್ತನೆಯ ಮಣ್ಣು. ಓಹಾಗಿಯನ್ನು ಕೊನೆಗೆ ಎತ್ತಿಕೊಂಡು ಹೋದದ್ದು ಕಾಗೆ. ಅದಕ್ಕೇ ಅಲ್ಲಿ, ಪೂಜೆ ಮುಗಿದ ಮೇಲೆ ಎಡೆಯನ್ನು ಮನೆಗೆ ತೆಗೆದುಕೊಂಡು ಹೋಗಿ ಎಂದು ಸ್ಮಶಾನಗಳಲ್ಲಿ ಹೇಳುತ್ತಾರೆ. ನಾವು ಪಿಂಡ ಇಟ್ಟು ಕಾಗೆ ಬರಲಿ ಎಂದು ಕಾಯುತ್ತೇವೆ, ಅವರು ಬರದಿರಲಿ ಎನ್ನುತ್ತಾರೆ!

ಹಾಗಾದರೆ ಹಾಲು ತಂದು ಇಡೋಣ ಅಂದೆ. ಅದಕ್ಕೂ ಚಿನ್ನು ತಲೆ ಅಲ್ಲಾಡಿಸಿದಳು. ಮರಿಗಳಿಗೆ ತಾಯಿಹಾಲು ಅರಗುತ್ತದೆ. ಬೆಳೆದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಾಗಿ, ಬಹಳಷ್ಟು ಬೆಕ್ಕುಗಳಿಗೆ ಹಸುವಿನ ಹಾಲು ಹೊಟ್ಟೆ ಕೆಡಿಸುತ್ತದೆ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮನ ಬೆಕ್ಕೇ ಬುದ್ಧಿವಂತ ಬೆಕ್ಕು ಅನ್ನಿ.

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪುಟ್ಟ ಪೊರಕೆ. "ಮೀ-ಚಾನ್" ಎಂದು ಮೆಲ್ಲಗೆ ಕರೆದರು. ಬೆಕ್ಕು ತಿರುಗಲಿಲ್ಲ. ಆದರೆ ಅದರ ಒಂದು ಕಿವಿ ಮಾತ್ರ ಅಜ್ಜಿಯ ಕಡೆಗೆ ತಿರುಗಿತು. ಕೇಳಿಸಿದೆ, ಎದ್ದು ಬರಲು ಮನಸ್ಸಿಲ್ಲ, ಅಷ್ಟೇ. ಬೆಕ್ಕಿಗೆ ತನ್ನ ಹೆಸರು ಗೊತ್ತೇ ಎಂದು ಜಪಾನಿನ ಅತ್ಸುಕೊ ಸೈತೊ ಎಂಬ ಸಂಶೋಧಕಿ ಪರೀಕ್ಷೆ ಮಾಡಿದ್ದರು. ಒಂದೇ ಉದ್ದದ, ಒಂದೇ ಧಾಟಿಯ ನಾಲ್ಕು ಬೇರೆ ಪದ ಹೇಳಿ, ಬೆಕ್ಕಿಗೆ ಬೇಸರ ಬಂದು ಕಿವಿ ಆಡಿಸುವುದನ್ನು ನಿಲ್ಲಿಸಿದ ಮೇಲೆ ಅದರ ಹೆಸರು ಹೇಳುವುದು. ಬಹಳಷ್ಟು ಬೆಕ್ಕುಗಳು ಕಿವಿ ಅಥವಾ ತಲೆ ಹೊರಳಿಸಿದವು. 2019ರಲ್ಲಿ ಇದು ಪ್ರಕಟವಾಯಿತು. ಆದ್ದರಿಂದ ಕರೆದಾಗ ನಿಮ್ಮ ಬೆಕ್ಕು ಬರದಿದ್ದರೆ ಕಿವುಡು ಅಂದುಕೊಳ್ಳಬೇಡಿ.

ಕಿವಿ ತಿರುಗಿದಾಗಲೇ ನಾನು ನೋಡಿದ್ದು. ಎಡಗಿವಿಯ ತುದಿ ಕತ್ತರಿಸಿದೆ! ಹರಿದದ್ದಲ್ಲ, ಕತ್ತರಿಯಲ್ಲಿ ಅಳೆದು ಕತ್ತರಿಸಿದ ಹಾಗೆ ಒಂದು ಕಚ್ಚು. ನನಗೆ ಸಿಟ್ಟು ಬಂತು. ಯಾವ ಪುಂಡರು ಮಾಡಿದ್ದು ಇದನ್ನು?

ಚಿನ್ನು ನಕ್ಕಳು. "ಅದು ಸಕುರಾ ಬೆಕ್ಕು, ದೊಡ್ಡಮ್ಮ. ಕಿವಿ ನೋಡು, ಚೆರಿ ಹೂವಿನ ಎಸಳಿನ ಹಾಗೇ ಇಲ್ವಾ?"

ಹೌದು, ಚೆರಿ ಎಸಳಿನ ತುದಿಯಲ್ಲೂ ಅಂಥದೇ ಸಣ್ಣ ಕಚ್ಚು ಇರುತ್ತದೆ. ಸಕುರಾ ಎಂದರೆ ಚೆರಿ ಹೂವು. ಆ ಕಚ್ಚು ಯಾಕೆ ಅಂದಿರಾ? ಬೆಕ್ಕು ಆರು ತಿಂಗಳಿಗೆಲ್ಲ ತಾಯಿಯಾಗಬಲ್ಲದು. ಒಂಬತ್ತು ವಾರದಲ್ಲಿ ಮರಿ ಹಾಕುತ್ತದೆ, ಒಂದು ಸಲಕ್ಕೆ ಮೂರೋ ನಾಲ್ಕೋ, ವರ್ಷಕ್ಕೆ ಎರಡು ಮೂರು ಸಲ. ಲೆಕ್ಕ ಹಾಕಿ, ತಲೆ ತಿರುಗುತ್ತದೆ. ಅಷ್ಟು ಮರಿಗಳಿಗೆ ಊಟವೆಲ್ಲಿ, ಮನೆಯೆಲ್ಲಿ? ಅದಕ್ಕೆ ಬೀದಿಬೆಕ್ಕುಗಳನ್ನು ಬೋನಿನಲ್ಲಿ ಹಿಡಿದು, ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಮತ್ತೆ ಅದೇ ಜಾಗಕ್ಕೆ ತಂದು ಬಿಡುತ್ತಾರೆ. ಅರಿವಳಿಕೆಯಲ್ಲಿ ಮಲಗಿರುವಾಗಲೇ ಕಿವಿಯ ತುದಿಗೆ ಗುರುತು ಮಾಡುತ್ತಾರೆ, ನೋವಾಗುವುದಿಲ್ಲ. ಸಾಮಾನ್ಯವಾಗಿ ಹೆಣ್ಣಿಗೆ ಎಡಗಿವಿ, ಗಂಡಿಗೆ ಬಲಗಿವಿ. ಆ ಗುರುತು ಇಲ್ಲದಿದ್ದರೆ ಅದೇ ಬೆಕ್ಕನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ದು ನೋಡಬೇಕಾಗುತ್ತಿತ್ತು. ನಮ್ಮ ಬೆಂಗಳೂರಿನ ಬೀದಿನಾಯಿಗಳ ಕಿವಿಯಲ್ಲಿ ಕಚ್ಚು ನೋಡಿದ್ದೀರಾ? ಅದೂ ಇದೇ ಲೆಕ್ಕ.

ಇಂಥ ಬೆಕ್ಕುಗಳಿಗೆ ಜಪಾನಿನಲ್ಲಿ 'ಚಿಇಕಿ ನೆಕೊ' ಅನ್ನುತ್ತಾರೆ, ಅಂದರೆ ಓಣಿಯ ಬೆಕ್ಕು. ಯಾರ ಮನೆಯದೂ ಅಲ್ಲ, ಇಡೀ ಓಣಿಯದು. 1990ರ ದಶಕದ ಕೊನೆಯಲ್ಲಿ ಯೊಕೊಹಾಮಾ ನಗರದ ಇಸೊಗೊ ವಾರ್ಡಿನಲ್ಲಿ ಶುರುವಾದ ಪದ್ಧತಿ ಇದು. ಬರೀ ಊಟ ಹಾಕಿ ಹೋಗುವುದಲ್ಲ, ಜಾಗ ಚೊಕ್ಕಟ ಇಡಬೇಕು. ಆ ಅಜ್ಜಿಯನ್ನೇ ನೋಡಿದೆವಲ್ಲ. ಬೆಕ್ಕು ತಿಂದು ಮುಗಿಸುವವರೆಗೂ ಕುಕ್ಕರಗಾಲಲ್ಲಿ ಕಾದು ಕೂತರು. ತಟ್ಟೆ ಎತ್ತಿ ಚೀಲಕ್ಕೆ ಹಾಕಿದರು, ಉದುರಿದ ನಾಲ್ಕು ಕಾಳನ್ನೂ ಗುಡಿಸಿದರು, ಸಮಾಧಿಗೆ ಒಮ್ಮೆ ಕೈಮುಗಿದರು. ಬೀದಿನಾಯಿಗೆ ರಸ್ತೆ ನಡುವೆ ಬಿಸ್ಕತ್ತು ಸುರಿದು ಹೋಗುವ ನಮ್ಮಂಥವರು ಆ ಪೊರಕೆಯನ್ನು ನೋಡಬೇಕಿತ್ತು.

"ಎಡಗಿವಿ ಅಂದ್ರೆ ಹೆಣ್ಣು," ಅಂದೆ, ಕಲಿತದ್ದನ್ನು ಒಪ್ಪಿಸುತ್ತಾ.

"ಕಿವಿ ನೋಡದೇನೂ ಹೇಳಬಹುದಿತ್ತು. ಮಿಕೆ ಅಲ್ವಾ ಅದು," ಅಂದಳು.

'ಮಿಕೆ' ಅಂದರೆ ಮೂರು ಬಣ್ಣದ ರೋಮ. ಬಿಳಿ, ಕಪ್ಪು, ಕಿತ್ತಳೆ. ಮೈಮೇಲೆ ಕಪ್ಪೂ ಕಿತ್ತಳೆಯೂ ಎರಡೂ ಇದ್ದರೆ ಆ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಇದು ನನಗೆ ಬೆಕ್ಕಿನಲ್ಲಿ ತೀರ ಇಷ್ಟವಾದ ಸಂಗತಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕೂತು ಕೇಳಿ.

ನಮ್ಮ ಮೈಯಂತೆ ಬೆಕ್ಕಿನ ಮೈಯೂ ಕೋಟಿಗಟ್ಟಲೆ ಜೀವಕೋಶಗಳಿಂದ ಆದದ್ದು. ಒಂದೊಂದು ಕೋಶದೊಳಗೂ ವರ್ಣತಂತುಗಳಿವೆ. ನಮಗೆ 46, ಬೆಕ್ಕಿಗೆ 38. ಅವನ್ನು ಅಡುಗೆ ಪುಸ್ತಕಗಳು ಅಂದುಕೊಳ್ಳಿ. ಯಾವ ಕೋಶ ಏನು ಮಾಡಬೇಕು ಎಂದು ಅದರಲ್ಲಿ ಬರೆದಿದೆ. ಅರ್ಧ ಪುಸ್ತಕ ಅಮ್ಮನಿಂದ, ಅರ್ಧ ಅಪ್ಪನಿಂದ. ಇವುಗಳಲ್ಲಿ ಎಕ್ಸ್ ಎಂಬ ಪುಸ್ತಕ ಹೆಣ್ಣಿಗೆ ಎರಡಿರುತ್ತವೆ, ಗಂಡಿಗೆ ಒಂದೇ. ಗಂಡಿನಲ್ಲಿ ಅದರ ಜೊತೆಗಿರುವುದು ವೈ ಎಂಬ ಸಣ್ಣ ಪುಸ್ತಕ.

ರೋಮಕ್ಕೆ ಕಿತ್ತಳೆ ಬಣ್ಣ ಕೊಡುವ ಪಾಕವಿಧಾನ ಇರುವುದು ಎಕ್ಸ್ ಪುಸ್ತಕದಲ್ಲಿ. ಗಂಡುಬೆಕ್ಕಿನ ಬಳಿ ಒಂದೇ ಎಕ್ಸ್ ಇರುವುದರಿಂದ ಅದರಲ್ಲಿ ಕಿತ್ತಳೆ ಎಂದು ಬರೆದಿದ್ದರೆ ಬೆಕ್ಕು ಕಿತ್ತಳೆ, ಇಲ್ಲದಿದ್ದರೆ ಇಲ್ಲ. ಹೆಣ್ಣಿನ ಬಳಿ ಎರಡಿವೆ. ಒಂದರಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಕಪ್ಪು ಎಂದಿದ್ದರೆ? ಎರಡೂ ಪುಸ್ತಕ ತೆರೆದಿಟ್ಟರೆ ಕೋಶಕ್ಕೆ ಗಲಿಬಿಲಿ. ಅದಕ್ಕೆ ಹೆಣ್ಣುಮರಿ ತಾಯಿಯ ಹೊಟ್ಟೆಯಲ್ಲಿ ಇನ್ನೂ ಕಾಳಿನಷ್ಟೂ ಆಗಿರದ ಹೊತ್ತಿನಲ್ಲೇ ಒಂದೊಂದು ಕೋಶವೂ ಒಂದು ಎಕ್ಸನ್ನು ಮಡಚಿ, ದಾರ ಕಟ್ಟಿ, ಅಟ್ಟಕ್ಕೆ ಹಾಕಿಬಿಡುತ್ತದೆ. ಯಾವುದನ್ನು ಅಟ್ಟಕ್ಕೆ ಹಾಕಬೇಕು ಎಂಬ ನಿಯಮವಿಲ್ಲ. ಒಂದು ಕೋಶ ಅಮ್ಮನದ್ದನ್ನು ಹಾಕಿದರೆ ಪಕ್ಕದ್ದು ಅಪ್ಪನದ್ದನ್ನು ಹಾಕಬಹುದು, ನಾಣ್ಯ ಚಿಮ್ಮಿದ ಹಾಗೆ. ಆದರೆ ಒಮ್ಮೆ ಹಾಕಿದ ಮೇಲೆ ಮುಗಿಯಿತು, ಆ ಕೋಶದಿಂದ ಹುಟ್ಟುವ ಮರಿಕೋಶಗಳೆಲ್ಲ ಅದನ್ನೇ ಪಾಲಿಸುತ್ತವೆ. ಹಾಗಾಗಿ ಬೆಕ್ಕು ಬೆಳೆದಂತೆ ಮೈಮೇಲೆ ಇಲ್ಲೊಂದು ಕಿತ್ತಳೆ ತೇಪೆ, ಅಲ್ಲೊಂದು ಕಪ್ಪು ತೇಪೆ. ಹೀಗೊಂದು ಎಕ್ಸ್ ಸುಮ್ಮನಾಗುತ್ತದೆ ಎಂದು 1961ರಲ್ಲಿ ಊಹಿಸಿದವರು ಬ್ರಿಟನ್ನಿನ ವಿಜ್ಞಾನಿ ಮೇರಿ ಲಯನ್. ಅವರು ನೋಡುತ್ತಿದ್ದದ್ದು ಇಲಿಗಳ ರೋಮವನ್ನು. ಇಲಿಯಿಂದ ಬೆಕ್ಕಿನ ಗುಟ್ಟು ಗೊತ್ತಾಯಿತು ನೋಡಿ!

ಬಿಳಿ ತೇಪೆಯ ಕಥೆ ಬೇರೆ. ಬಣ್ಣದ ಕೋಶಗಳು ಹುಟ್ಟುವುದು ಬೆನ್ನಿನ ಕಡೆ, ಅಲ್ಲಿಂದ ಹೊಟ್ಟೆಗೆ, ಕಾಲಿಗೆ ನಡೆದು ಹೋಗಬೇಕು. ಕೆಲವು ಬೆಕ್ಕುಗಳಲ್ಲಿ ಅವು ದಾರಿಯಲ್ಲೇ ಉಳಿದುಬಿಡುತ್ತವೆ. ತಲುಪದ ಜಾಗ ಬಿಳಿ. ಅದಕ್ಕೇ ಬೆಕ್ಕಿನ ಹೊಟ್ಟೆ, ಪಾದ ಬೆಳ್ಳಗಿರುವುದು ಹೆಚ್ಚು.

ಎಕ್ಸ್‌ನ ಯಾವ ಪುಟದಲ್ಲಿ ಕಿತ್ತಳೆ ಎಂದು ಬರೆದಿದೆ ಎಂಬುದು ಮಾತ್ರ ಬಹಳ ಕಾಲ ಸಿಕ್ಕಿರಲಿಲ್ಲ. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಹಿರೊಯುಕಿ ಸಸಾಕಿ ಅದರ ಬೆನ್ನುಹತ್ತಿದರು. ಹಣ ಕೊಟ್ಟವರು ಬೆಕ್ಕು ಪ್ರೀತಿಸುವ ಸಾಮಾನ್ಯ ಜನ! 2025ರಲ್ಲಿ ಅವರ ತಂಡವೂ ಅಮೆರಿಕದ ಸ್ಟ್ಯಾನ್‌ಫರ್ಡ್ ತಂಡವೂ ಒಂದೇ ಉತ್ತರ ಪ್ರಕಟಿಸಿದವು. ಕಿತ್ತಳೆ ಬೆಕ್ಕಿನ ಎಕ್ಸ್‌ನಲ್ಲಿ ಏನೋ ಹೆಚ್ಚಿಗೆ ಬರೆದಿಲ್ಲ, ಬದಲಿಗೆ ಸುಮಾರು 5,000 ಅಕ್ಷರ ಅಳಿಸಿಹೋಗಿವೆ. ಸುಮ್ಮನಿರಬೇಕಾದ ಒಂದು ಜೀನ್ ಅದರಿಂದಾಗಿ ಎಚ್ಚರಗೊಂಡು, ಕಪ್ಪು ಬಣ್ಣ ತಯಾರಾಗುವುದನ್ನು ತಡೆಯುತ್ತದೆ.

ಗಂಡು ಮಿಕೆ ಹುಟ್ಟುವುದೇ ಇಲ್ಲವೇ? ಹುಟ್ಟುತ್ತದೆ, ತೀರ ಅಪರೂಪಕ್ಕೆ. ಹೆಚ್ಚಾಗಿ ಎರಡು ಎಕ್ಸ್, ಒಂದು ವೈ ತಪ್ಪಾಗಿ ಒಟ್ಟಿಗೆ ಬಂದಾಗ. ಅಂಥ ಬೆಕ್ಕು ಹಡಗಿನಲ್ಲಿದ್ದರೆ ಬಿರುಗಾಳಿ ತಟ್ಟುವುದಿಲ್ಲ ಎಂದು ಜಪಾನಿನ ನಾವಿಕರು ನಂಬುತ್ತಿದ್ದರು. 1956ರ ನವೆಂಬರಿನಲ್ಲಿ ಜಪಾನಿನ ಮೊದಲ ಅಂಟಾರ್ಕ್ಟಿಕಾ ತಂಡ ಸೋಯಾ ಎಂಬ ಹಡಗಿನಲ್ಲಿ ಟೋಕಿಯೊದಿಂದ ಹೊರಟಾಗ ಅದರಲ್ಲೂ ಒಂದು ಗಂಡು ಮಿಕೆ ಇತ್ತು. ತಂಡದ ನಾಯಕ ತಕೇಶಿ ನಗಾತಾ ಅವರ ಹೆಸರನ್ನೇ ಬೆಕ್ಕಿಗೂ ಇಟ್ಟರು. ನಾಯಕರನ್ನು ಎದುರಿಗೆ ಹೆಸರು ಹಿಡಿದು ಕರೆಯಲಾಗದವರು ಬೆಕ್ಕನ್ನಾದರೂ ಕರೆದು ಬೈದಿರಬೇಕು ಅಂತ ನನ್ನ ಅನುಮಾನ. ಹಿಮದ ನಡುವಿನ ಶೋವಾ ನೆಲೆಯಲ್ಲಿ 11 ಜನರ ಜೊತೆ ತಕೇಶಿಯೂ ಚಳಿಗಾಲ ಕಳೆದು, ಜಪಾನಿಗೆ ಮರಳಿತು.

ನಮ್ಮ ಮೀ-ಚಾನಿನ ಬಾಲವೂ ಕಾಣಿಸಿತು ಆಮೇಲೆ. ಬಾಲ ಅನ್ನುವುದಕ್ಕಿಂತ ಪುಟ್ಟ ಗಂಟು ಅನ್ನಬೇಕು, ಮೊಲದ್ದರ ಹಾಗೆ. ಯಾರೂ ಕತ್ತರಿಸಿದ್ದಲ್ಲ, ಹುಟ್ಟಿನಿಂದಲೇ ಹಾಗೆ. ಇದಕ್ಕೂ ಒಂದು ಜೀನ್‌ನಲ್ಲಾದ ಸಣ್ಣ ಬದಲಾವಣೆಯೇ ಕಾರಣ, ಬಾಲದ ಮೂಳೆಮಣಿಗಳು ಕಡಿಮೆಯಾಗಿ ಒಂದಕ್ಕೊಂದು ಸೊಟ್ಟಗೆ ಅಂಟಿಕೊಳ್ಳುತ್ತವೆ. ಮುದಿಬೆಕ್ಕಿನ ಉದ್ದ ಬಾಲ ಎರಡಾಗಿ ಸೀಳಿ ಅದು ದೆವ್ವವಾಗುತ್ತದೆ ಎಂಬ ಕಥೆ ಜಪಾನಿನಲ್ಲಿತ್ತು. ಮೋಟುಬಾಲದವಕ್ಕೆ ಆ ಅಪವಾದವಿಲ್ಲ.

ಇಷ್ಟು ಹೊತ್ತಿಗೆ ನನ್ನ ಕಾಲು ಉರಿಯತೊಡಗಿತ್ತು. ಸೊಳ್ಳೆ! ಮೈಮೇಲೆ ಬಿಳಿ ಪಟ್ಟೆಯ ಸೊಳ್ಳೆಗಳು. ಸಮಾಧಿಗಳ ಮುಂದೆ ಹೂವಿಡುವ ಹೂದಾನಿಗಳಲ್ಲಿ ನೀರು ನಿಂತಿರುತ್ತದೆ, ಅವು ಅಲ್ಲೇ ಮೊಟ್ಟೆಯಿಡುತ್ತವೆ. ನಮ್ಮಲ್ಲಿ ಡೆಂಗಿ ಹರಡುವ ಸೊಳ್ಳೆಗಳಲ್ಲಿ ಈ ಜಾತಿಯೂ ಒಂದು. 2014ರಲ್ಲಿ ಟೋಕಿಯೊದ ಯೊಯೊಗಿ ಉದ್ಯಾನದ ಸುತ್ತಮುತ್ತ ಡೆಂಗಿ ಹರಡಿದ್ದೂ ಇದರಿಂದಲೇ.

ಚಿನ್ನು ಜೇಬಿನಿಂದ ಬೆರಳುದ್ದದ ಒಣಕಡ್ಡಿಯೊಂದನ್ನು ತೆಗೆದು ಬೆಕ್ಕಿನ ಕಡೆ ಮೆಲ್ಲಗೆ ಉರುಳಿಸಿದಳು. ನೂರು ಯೆನ್ ಅಂಗಡಿಯಲ್ಲಿ ಕೊಂಡ ಮತತಾಬಿ ಕಡ್ಡಿ. ಜಪಾನಿನ ಬೆಟ್ಟಗಳಲ್ಲಿ ಬೆಳೆಯುವ ಬಳ್ಳಿ, ಕಿವಿ ಹಣ್ಣಿನ ನೆಂಟ. ಅಲ್ಲಿಯವರೆಗೆ ಗಂಭೀರವಾಗಿದ್ದ ಮೀ-ಚಾನ್ ಕಡ್ಡಿಯನ್ನು ಮೂಸಿದ್ದೇ ತಡ, ಕೆನ್ನೆ ಉಜ್ಜಿತು, ನೆತ್ತಿ ಉಜ್ಜಿತು, ನೆಲಕ್ಕೆ ಬಿದ್ದು ಹೊರಳಾಡಿತು. ಭಂಗಿ ಕುಡಿದವರ ಹಾಗೆ!

ಬೆಕ್ಕು ಹೀಗೇಕೆ ಮಾಡುತ್ತದೆ ಎಂದು ಜನ ನೂರಾರು ವರ್ಷ ನೋಡಿ ನಕ್ಕಿದ್ದರು. ಇವಾತೆ ವಿಶ್ವವಿದ್ಯಾಲಯದ ಮಸಾವೊ ಮಿಯಾಜಾಕಿ ಅವರ ತಂಡ ನಕ್ಕು ಸುಮ್ಮನಾಗಲಿಲ್ಲ. ಮತತಾಬಿ ಎಲೆಯಲ್ಲಿ ನೆಪೆಟಲಾಕ್ಟಾಲ್ ಎಂಬ ವಸ್ತುವಿದೆ. ಅದನ್ನು ಮೈಗೆ ಉಜ್ಜಿಕೊಂಡ ಬೆಕ್ಕುಗಳನ್ನೂ ಉಜ್ಜಿಕೊಳ್ಳದವನ್ನೂ ಪಟ್ಟೆಸೊಳ್ಳೆಗಳ ಮುಂದೆ ಒಡ್ಡಿ ಎಣಿಸಿದರು. ಉಜ್ಜಿಕೊಂಡ ತಲೆಗಳ ಮೇಲೆ ಕೂತ ಸೊಳ್ಳೆಗಳು ಕಡಿಮೆ! 2021ರಲ್ಲಿ ಇದು ಪ್ರಕಟವಾಯಿತು. ಎಲೆಯನ್ನು ಬೆಕ್ಕು ಕಚ್ಚಿ ಜಗಿದರೆ ಹೊರಬರುವ ಆ ಜಾತಿಯ ವಸ್ತುಗಳು ಹತ್ತು ಪಟ್ಟು ಹೆಚ್ಚುತ್ತವೆ ಎಂದು ಮರುವರ್ಷ ಅದೇ ತಂಡ ತೋರಿಸಿತು. ನಾನು ಕಾಲು ಕೆರೆದುಕೊಳ್ಳುತ್ತಾ ನಿಂತಿದ್ದೆ, ಬೆಕ್ಕು ಸೊಳ್ಳೆ ಎಣ್ಣೆ ಹಚ್ಚಿಕೊಂಡು ಮಲಗಿತ್ತು.

ಈ ಬಳ್ಳಿ ನಮ್ಮಲ್ಲಿಲ್ಲ. ಆದರೆ ನಮ್ಮ ಹಿತ್ತಲಲ್ಲಿ ಕುಪ್ಪಿಗಿಡ ಇದೆಯಲ್ಲ, ಅದರ ಬೇರು ಕಿತ್ತಿಟ್ಟರೆ ಬೆಕ್ಕುಗಳು ಓಡಿ ಬಂದು ಹೊರಳಾಡುತ್ತವೆ. ತಮಿಳಿನಲ್ಲಿ ಅದಕ್ಕೆ 'ಬೆಕ್ಕು ನಮಸ್ಕಾರ ಮಾಡುವ ಗಿಡ' ಎಂಬ ಅರ್ಥದ ಹೆಸರೇ ಇದೆ.

ಗಿಡದ ಮಾತು ಬಂದದ್ದಕ್ಕೆ ಇನ್ನೊಂದು ಮಾತು. ಯಾನಕದ ತೆನ್ನೊಜಿ ದೇವಾಲಯದ ಸ್ಮಶಾನದಲ್ಲೇ ಗಿಡಗಳ ಒಬ್ಬ ದೊಡ್ಡ ಪಂಡಿತರ ಸಮಾಧಿ ಇದೆ. ತೊಮಿತಾರೊ ಮಕಿನೊ. ಪ್ರಾಥಮಿಕ ಶಾಲೆಯನ್ನೇ ಅರ್ಧಕ್ಕೆ ಬಿಟ್ಟವರು, ಬೆಟ್ಟ ಅಲೆದು ಅಲೆದು 1,500ರಷ್ಟು ಸಸ್ಯಗಳಿಗೆ ಹೆಸರಿಟ್ಟರು. ಅವರ ಹುಟ್ಟುಹಬ್ಬ ಏಪ್ರಿಲ್ 24 ಜಪಾನಿನಲ್ಲಿ ಸಸ್ಯವಿಜ್ಞಾನ ದಿನ. ಶಾಲೆ ಬಿಡಿ ಎಂದು ಇದರ ಅರ್ಥವಲ್ಲ, ನಿಮ್ಮಮ್ಮ ನನಗೆ ಬೈದಾರು.

ಟೋಕಿಯೊದಲ್ಲಿ ಆ ಕಾಲಕ್ಕೆ ಐದೂಮುಕ್ಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ನಾನು ಟಾರ್ಚ್ ಹಚ್ಚಿದೆ. ಬೆಕ್ಕಿನ ಕಣ್ಣು ಎರಡು ಹಸಿರು ದೀಪವಾಯಿತು. ಇಷ್ಟೆಲ್ಲ ತಿಳಿದುಕೊಂಡ ಮೇಲೂ ಮೈ ಜುಂ ಅಂದದ್ದು ನಿಜ. ಬೆಕ್ಕಿನ ಕಣ್ಣಿನ ಪರದೆಯ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಒಳಗೆ ಬಂದ ಬೆಳಕು ಪರದೆಗೆ ಸಿಗದೆ ತಪ್ಪಿಸಿಕೊಂಡರೆ ಈ ಪದರ ಅದನ್ನು ವಾಪಸು ಕಳಿಸಿ ಇನ್ನೊಂದು ಅವಕಾಶ ಕೊಡುತ್ತದೆ. ನಮಗೆ ನೋಡಲು ಬೇಕಾದ ಬೆಳಕಿನ ಆರನೇ ಒಂದು ಪಾಲು ಅದಕ್ಕೆ ಸಾಕು. ಆಗಲೂ ಸಿಗದೆ ಹೊರಬಂದ ಬೆಳಕೇ ನಮಗೆ ಕಾಣುವ ಹೊಳಪು. ನಮ್ಮ ಹಸುವಿನ ಕಣ್ಣೂ ಹೀಗೇ ಹೊಳೆಯುತ್ತದೆ. ದೆವ್ವದ ಕಥೆಗಳಲ್ಲಿ ಅರ್ಧ ಈ ಪದರದ ಕೆಲಸ ಇರಬೇಕು.

"ಟಾರ್ಚ್ ಕಣ್ಣಿಗೆ ಬಿಡಬೇಡ, ಪಾಪ," ಎಂದು ಚಿನ್ನು ಆರಿಸಿದಳು. "ಹೀಗೆ ಮಾಡು." ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ, ಪೂರ್ತಿ ಮುಚ್ಚಿ, ನಿಧಾನವಾಗಿ ತೆರೆದಳು. ನಾನೂ ಮಾಡಿದೆ. ಬೆಕ್ಕು ನಮ್ಮನ್ನು ನೋಡಿತು. ಒಂದು, ಎರಡು, ಮೂರು ಕ್ಷಣ. ಆಮೇಲೆ ಅದೂ ನಿಧಾನವಾಗಿ ಕಣ್ಣು ಕಿರಿದು ಮಾಡಿತು! ಹೀಗೆ ಮಾಡಿದರೆ ಬೆಕ್ಕೂ ಕಣ್ಣು ಮಿಟುಕಿಸುವುದು ಹೆಚ್ಚು, ಅಪರಿಚಿತರ ಕೈಯ ಬಳಿ ಬರುವುದೂ ಹೆಚ್ಚು ಎಂದು ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಬೆಕ್ಕು ಕಣ್ಣು ಮುಚ್ಚಿದರೆ ಹಾಲು ಕುಡಿಯಲೆಂದೇ ಅಂತ ನಾವು ಗಾದೆ ಕಟ್ಟಿದ್ದೇವೆ. ಕೆಲವು ಸಲ ಅದು ನಮಸ್ಕಾರವೂ ಆಗಿರಬಹುದು.

ಬೆಕ್ಕು ಹತ್ತಿರ ಬರಲಿಲ್ಲ. ನಾವೂ ಹೋಗಲಿಲ್ಲ. ಅದು ಮತ್ತೆ ತನ್ನ ಬೆಚ್ಚನೆಯ ಕಲ್ಲಿಗೆ ಹತ್ತಿ ಕಾಲು ಮಡಚಿ ಕೂತಿತು.

ನಿಮಗೂ ಎರಡು ಕೆಲಸ ಹೇಳುತ್ತೇನೆ. ಬಿಸಿಲಿರುವ ದಿನ ಅಂಗಳದಲ್ಲಿ ಒಂದು ಚಪ್ಪಡಿ ಕಲ್ಲು, ಒಂದು ಹಲಗೆ, ಒಂದು ಸ್ಟೀಲ್ ತಟ್ಟೆ ಇಟ್ಟು, ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲೆ ಮುಟ್ಟಿ ನೋಡಿ. ಬೆಕ್ಕಾಗಿದ್ದರೆ ಎಲ್ಲಿ ಮಲಗುತ್ತಿದ್ದಿರಿ? ಇನ್ನೊಂದು, ನಿಮ್ಮ ಬೀದಿಯ ಮೂರು ಬಣ್ಣದ ಬೆಕ್ಕುಗಳನ್ನು ದೂರದಿಂದ ಎಣಿಸಿ. ಪರಿಚಯವಿಲ್ಲದ ಬೆಕ್ಕನ್ನು ಮುಟ್ಟಬೇಡಿ. ಜಪಾನಿನೊಳಗೆ 1957ರ ನಂತರ ರೇಬೀಸ್ ಹುಟ್ಟಿಲ್ಲ, ನಮ್ಮಲ್ಲಿ ಇನ್ನೂ ಇದೆ. ಪರಚಿದರೆ, ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಡಗಿಸದೆ ಮನೆಯಲ್ಲಿ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ. ಎಣಿಸಿದವುಗಳಲ್ಲಿ ಎಲ್ಲಾದರೂ ಒಂದು ಗಂಡು ಸಿಕ್ಕಿದರೆ ಮಾತ್ರ ನನಗೆ ತಪ್ಪದೆ ಒಂದು ಕಾಗದ ಬರೆಯಿರಿ. ನಾನು ಇನ್ನೂ ಒಂದನ್ನೂ ನೋಡಿಲ್ಲ.